ನೂರಕ್ಕೆ ಎರಡೂವರೆ, ಮೇಲೊಂದು ಗುಟುಕು

ನಮ್ಮದು ಗುಂಡಿ ಅಂಗಡಿ. ಅಂಗಿಗೆ, ಕೋಟಿಗೆ, ಮಗುವಿನ ಸ್ವೆಟರಿಗೆ ಹೊಲಿಯುವ ಗುಂಡಿಗಳನ್ನು ಬಿಟ್ಟರೆ ನಮ್ಮಲ್ಲಿ ಸೂಜಿ ದಾರ ಕೂಡ ಸಿಗುವುದಿಲ್ಲ. ದಾರ ಕೇಳಿದವರಿಗೆ ಚಿಕ್ಕಮ್ಮ ಎದುರು ಸಾಲಿನ ಅಂಗಡಿಯನ್ನು ಗದ್ದದಲ್ಲೇ ತೋರಿಸುತ್ತಾಳೆ. ಒಳಗೆ ಒಂದು ಇಡೀ ಗೋಡೆ, ನೆಲದಿಂದ ಸೂರಿನವರೆಗೆ, ಮುನ್ನೂರ ಹನ್ನೆರಡು ಮರದ ಖಾನೆಗಳು. ಒಂದೊಂದರ ಮುಖಕ್ಕೂ ಅದರೊಳಗಿನ ಗುಂಡಿಯದೇ ಒಂದು ಮಾದರಿಯನ್ನು ತಂತಿಯಿಂದ ಬಿಗಿದಿದೆ. ಚಿಕ್ಕವಳಿದ್ದಾಗ ನನಗೆ ಅವು ಖಾನೆಗಳೆಂದು ಅನ್ನಿಸಿಯೇ ಇರಲಿಲ್ಲ. ಅದೊಂದು ಊರು, ಮುನ್ನೂರ ಹನ್ನೆರಡು ಮನೆ, ಪ್ರತಿ ಬಾಗಿಲಲ್ಲೂ ಒಂದು ಕಣ್ಣು. ಯಾವ ಕಣ್ಣಿನ ಹಿಂದೆ ಯಾರಿದ್ದಾರೆ ಎಂದು ಅಜ್ಜಿ ದಿನಕ್ಕೊಂದು ಕತೆ ಹೇಳುತ್ತಿದ್ದಳು. ಹಿತ್ತಾಳೆ ಗುಂಡಿಯ ಖಾನೆಯಲ್ಲಿ ಸೇನಾಪತಿ, ಚಿಪ್ಪಿನ ಗುಂಡಿಯ ಖಾನೆಯಲ್ಲಿ ಅವನನ್ನು ಒಲ್ಲೆ ಎಂದ ರಾಜಕುಮಾರಿ.

ಅಂಗಡಿ ಹಾಕಿದವಳು ಅಜ್ಜಿ, ನಡೆಸುವವಳು ಚಿಕ್ಕಮ್ಮ, ಕೆಡಿಸಿದವಳು ನಾನು.

ಕೆಟ್ಟದ್ದು ಹೇಗೆಂದು ತಿಳಿಯಬೇಕಾದರೆ ಮೊದಲು ಮುನ್ನೂರ ಹನ್ನೆರಡನೆಯ ಖಾನೆಯ ವಿಷಯ ಹೇಳಬೇಕು. ಅದು ಕೆಳಸಾಲಿನ ಕೊನೆಯದು. ಅದರ ಮುಖಕ್ಕೆ ಮಾತ್ರ ಗುಂಡಿಯಿಲ್ಲ, ಒಳಗಿರುವುದು ಲಕೋಟೆಗಳು.

ಗುಂಡಿಯ ಬಣ್ಣ ಅಂಗಡಿಯ ದೀಪದಲ್ಲಿ ಒಂದು, ಮನೆಯ ಕಿಟಕಿಯ ಹತ್ತಿರ ಇನ್ನೊಂದು. ಬಟ್ಟೆಯ ಪಕ್ಕದಲ್ಲಿಟ್ಟು ಹಗಲಿನಲ್ಲಿ ನೋಡುವವರೆಗೆ ಯಾವುದು ಹೊಂದುತ್ತದೆ ಎಂದು ಹೇಳಲು ಬರುವುದಿಲ್ಲ. ಹಾಗಾಗಿ ಅಜ್ಜಿ ಅಂಗಡಿ ತೆರೆದ ಮೊದಲ ವರ್ಷದಲ್ಲೇ ಒಂದು ಪದ್ಧತಿ ಇಟ್ಟಳು. ನಾಲ್ಕು ಬಗೆ ಇಷ್ಟವಾದರೆ ನಾಲ್ಕನ್ನೂ ಒಯ್ಯಿರಿ. ನಾಲ್ಕರ ಬೆಲೆಯನ್ನೂ ಲಕೋಟೆಯಲ್ಲಿ ಹಾಕಿ, ನೀವೇ ಅಂಟಿಸಿ, ಅಂಟಿನ ಮೇಲೆ ನಿಮ್ಮ ರುಜು ಹಾಕಿ. ವಾರದೊಳಗೆ ಬನ್ನಿ. ಒಪ್ಪಿದ ಒಂದನ್ನು ಇಟ್ಟುಕೊಂಡು ಮಿಕ್ಕ ಮೂರನ್ನು ವಾಪಸ್ಸು ಕೊಡಿ, ನಿಮ್ಮ ಲಕೋಟೆಯನ್ನು ನೀವೇ ಒಡೆದು ಒಂದರ ದುಡ್ಡು ಕೊಡಿ. ಹೋಗುವಾಗ ಮೇಲೊಂದು ಗುಂಡಿ ಕೊಸರು. ಇಟ್ಟ ನೋಟೇ ಅವರ ಕೈಗೆ ಮರಳುತ್ತಿತ್ತು, ಮಡಿಕೆ ಕೂಡ ಅದೇ.

"ಅದು ನಮ್ಮ ದುಡ್ಡಲ್ಲ ಕಣೆ," ಎನ್ನುತ್ತಿದ್ದಳು ಅಜ್ಜಿ. "ನಮ್ಮನೆಗೆ ಬಂದಿರೋ ನೆಂಟರು. ನೆಂಟರ ಜೇಬು ತಡಕ್ತಾರಾ ಯಾರಾದ್ರೂ?"

ಇಂಥ ಅಂಗಡಿಗೆ ಒಂದು ಬೆಳಿಗ್ಗೆ ಕಾರ್ಡ್ ಕಂಪನಿಯವನು ಬಂದ. ಅವನ ಅಂಗಿ, ಕೋಟು, ಕೂದಲು, ಕೊನೆಗೆ ನಗುವಿನ ಮೇಲೆ ಕೂಡ ಇಸ್ತ್ರಿಪೆಟ್ಟಿಗೆ ಆಡಿದ ಹಾಗಿತ್ತು. ಚಿಕ್ಕಮ್ಮ ಅವನಿಗೆ ಆಗಲೇ ‘ಇಸ್ತ್ರಿ’ ಎಂದು ಹೆಸರಿಟ್ಟಳು.

"ಇವತ್ತಿನ ಕಾಲದಲ್ಲಿ ಯಾರ ಜೇಬಲ್ಲಿ ದುಡ್ಡಿರುತ್ತೆ ಹೇಳಿ ಮೇಡಂ? ಎಲ್ಲಾ ಕಾರ್ಡು. ಕಾರ್ಡ್ ತಗೊಳ್ಳದ ಅಂಗಡಿ ಅಂದ್ರೆ ಬಾಗಿಲೇ ಇಲ್ಲದ ಮನೆ."

"ಬಾಗಿಲಿಲ್ದೆ ನೀವು ಹೇಗಪ್ಪಾ ಒಳಗೆ ಬಂದ್ರಿ?" ಎಂದಳು ಚಿಕ್ಕಮ್ಮ.

ಅವನು ನಕ್ಕ. ಬೈದರೂ ನಗುವುದು ಅವನಿಗೆ ಸಂಬಳದ ಜೊತೆ ಬಂದಿರಬೇಕು. ಚೀಲದಿಂದ ಅಂಗೈಯಗಲದ ಕಪ್ಪು ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟ. ಅದು ಹಸಿರು ಕಣ್ಣು ಬಿಟ್ಟು ಕುಂಯ್ ಎಂದಿತು.

"ಎಷ್ಟು ಕಿತ್ಕೋತೀರಿ?"

"ಛೆ ಛೆ, ಕಿತ್ಕೊಳ್ಳೋದೇನು ಬಂತು ಮೇಡಂ! ನೂರಕ್ಕೆ ಬರೀ ಎರಡೂವರೆ. ಅದರ ಮೇಲೆ ಪ್ರತಿ ಸಲ ಕಾರ್ಡ್ ಉಜ್ಜಿದಾಗ ಎರಡು. ಡಬ್ಬಿಗೆ ತಿಂಗಳ ಬಾಡಿಗೆ ಸಣ್ಣದೊಂದು ಇರುತ್ತೆ, ಮೊದಲ ಮೂರು ತಿಂಗಳು ಅದೂ ಇಲ್ಲ. ನಿಮಗೆ ಗೊತ್ತೇ ಆಗಲ್ಲ. ಒಂದು ಗುಟುಕು ನೀರು ಕುಡಿದ ಹಾಗೆ."

ಮೂಲೆಯ ಕುರ್ಚಿಯಲ್ಲಿ ರಟ್ಟಿಗೆ ಗುಂಡಿ ಹೊಲಿಯುತ್ತ ಕೂತಿದ್ದ ಅಜ್ಜಿ ತಲೆಯೆತ್ತಿದಳು. "ಯಾರಪ್ಪಾ ಕುಡಿಯೋದು?"

ಅದಕ್ಕೂ ಅವನು ನಕ್ಕ.

ಮರುಳಾದವಳು ನಾನು. ಹಿಂದಿನ ವಾರವಷ್ಟೇ ಒಬ್ಬಾಕೆ ಚಿಪ್ಪಿನ ಗುಂಡಿಗಳನ್ನು ಅರ್ಧ ಗಂಟೆ ಆರಿಸಿ, ಕೈಯಲ್ಲಿ ದುಡ್ಡಿಲ್ಲವೆಂದು ಬಿಟ್ಟು ಹೋಗಿದ್ದಳು. ಆ ರಾಜಕುಮಾರಿ ಖಾನೆಯೊಳಗೆ ಮುಖ ಸಣ್ಣ ಮಾಡಿಕೊಂಡು ಮಲಗಿದಂತೆ ನನಗೆ ಎರಡು ದಿನ ಕಾಣುತ್ತಿತ್ತು. "ಚಿಕ್ಕಮ್ಮ, ಇರಲಿ ಚಿಕ್ಕಮ್ಮ, ಇದೊಂದು ಇರಲಿ," ಎಂದು ಒಂದು ವಾರ ಅವಳ ಹಿಂದೆ ಬಿದ್ದೆ. ಹದಿನೆಂಟು ಪುಟಗಳ ಕರಾರಿಗೆ ಅವಳು ರುಜು ಹಾಕಿದಳು. ಅದನ್ನು ಪೂರ್ತಿ ಓದಿದ್ದೇನೆಂದು ಹೇಳಿದವಳೂ ನಾನೇ. ನಾನು ಓದಿದ್ದು ಮೂರು ಪುಟ. ನಾಲ್ಕನೆಯ ಪುಟದ ಹೊತ್ತಿಗೆ ಕಿಟಕಿಯ ಹೊರಗೆ ಯಾವುದೋ ಹಕ್ಕಿ ಕೂತಿತ್ತು.

ಅವತ್ತು ಸಂಜೆ ಅಜ್ಜಿ, ಯಾರೂ ಕೇಳದೆ ಇದ್ದರೂ, ಒಂದು ಕತೆ ಹೇಳಿದಳು.

ದಿಬ್ಬದ ಮೇಲೊಂದು ಬಾವಿ, ಕೆಳಗೊಂದು ಊರು. ಹೆಂಗಸರು ನೀರು ಹೊತ್ತು ಇಳಿಯುವುದೇ ಕಷ್ಟ. ಒಂದು ದಿನ ಒಬ್ಬ ರಾಕ್ಷಸ ಬಂದು, ಅಮ್ಮಂದಿರಾ, ನೀವ್ಯಾಕೆ ಸೊಂಟ ಮುರ್ಕೋತೀರಿ, ನಾನೇ ಹೊತ್ತು ತಂದು ಕೊಡ್ತೀನಿ, ಕೂಲಿ ಬೇಡ, ಪಾತ್ರೆಗೊಂದು ಗುಟುಕು ಕುಡ್ಕೊಂಡ್ರೆ ಸಾಕು ಅಂದ. ಹಂಡೆಯವರಿಗೆ ಹಿಗ್ಗೋ ಹಿಗ್ಗು. ಹಂಡೆಯಲ್ಲಿ ಒಂದು ಗುಟುಕು ಹೋದರೆ ಏನು ಕಮ್ಮಿ? ಊರ ಕೊನೆಯಲ್ಲಿ ಒಬ್ಬ ಮುದುಕಿಯಿದ್ದಳು. ಒಂಟಿ ಜೀವ, ಅವಳದು ಒಂದು ಸಣ್ಣ ಚೆಂಬು. ರಾಕ್ಷಸ ಆ ಚೆಂಬನ್ನೂ ಹೊತ್ತು ತಂದ, ಮಾತಿನ ಪ್ರಕಾರ ಒಂದೇ ಒಂದು ಗುಟುಕು ಕುಡಿದ. ಮುದುಕಿ ನೋಡುತ್ತಾಳೆ, ಚೆಂಬಿನ ತಳದಲ್ಲಿ ಒಂದು ಹನಿ.

"ಆಮೇಲೆ ಅವನನ್ನ ಯಾರು ಕೊಂದ್ರು ಅಜ್ಜಿ?" ಎಂದೆ. ಕತೆಯೆಂದ ಮೇಲೆ ಯಾರಾದರೂ ಕೊಲ್ಲಲೇಬೇಕಲ್ಲ.

"ಯಾರೂ ಕೊಲ್ಲಲಿಲ್ಲ. ದಪ್ಪ ಆದ," ಎಂದು ಅಜ್ಜಿ ದಾರ ಕಚ್ಚಿ ಹರಿದಳು.

ಡಬ್ಬಿ ಕೆಲಸ ಶುರು ಮಾಡಿತು. ಮೊದಲು ಬಂದವರು ಒಂಟಿ ಗುಂಡಿಯವರು. ನಾಲ್ಕರ ಬೆಲೆಯ ಒಂದು ಗುಂಡಿ, ಅದಕ್ಕೆ ಕಾರ್ಡು. ದೊಡ್ಡ ಕಾರಿನಿಂದ ಇಳಿದು ಬಂದ ಹೆಂಗಸೊಬ್ಬಳು ಎರಡು ಬೆರಳಲ್ಲಿ ಕಾರ್ಡನ್ನು ಹಿಡಿದು, ಹರಸುವವಳ ಹಾಗೆ ಡಬ್ಬಿಯ ನೆತ್ತಿಯ ಮೇಲೆ ಆಡಿಸಿದಳು. ಕುಂಯ್. ನಾಲ್ಕರಲ್ಲಿ ಎರಡು ಚಿಲ್ಲರೆ ಕಂಪನಿಗೆ. ಆ ಗುಂಡಿಯನ್ನು ನಾವು ಎರಡೂವರೆಗೆ ತಂದದ್ದು. ಅಂದರೆ ಅವಳು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ್ದಕ್ಕೆ ನಾವೇ ಅರ್ಧ ರೂಪಾಯಿಗೂ ಮೇಲೆ ಕೈಯಿಂದ ಹಾಕಿದ್ದೆವು. ಜೊತೆಗೆ ಕೊಸರು ಗುಂಡಿ ಬೇರೆ. "ಥ್ಯಾಂಕ್ಯೂ, ಕಾರ್ಡ್ ಇಟ್ಟಿದ್ದೀರಲ್ಲ, ಎಷ್ಟು ಅನುಕೂಲ," ಎಂದು ಹೋದಳು.

"ಅನುಕೂಲ ಆಗದೆ ಏನು," ಎಂದಳು ಚಿಕ್ಕಮ್ಮ. "ನಾನೇ ನಿನ್ನ ಮನೆಗೆ ಬಂದು ಗುಂಡಿ ಹೊಲಿದು, ನಾಲ್ಕು ಕಾಸು ಕೈಗಿಟ್ಟು ಬರ್ತೀನಿ ತಾಯಿ, ಇರು."

ಐವತ್ತರ ಕೆಳಗೆ ಕಾರ್ಡ್ ಇಲ್ಲ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದೆವು. ಮೂರೇ ದಿನಕ್ಕೆ ಇಸ್ತ್ರಿ ಬಂದು ಆ ರಟ್ಟನ್ನು ತಾನೇ ಇಳಿಸಿದ. "ಹೀಗೆಲ್ಲಾ ಹಾಕಂಗಿಲ್ಲ ಮೇಡಂ. ಕರಾರಿನ ಹದಿನಾಲ್ಕನೇ ಪುಟ."

"ಹಾಗಾದ್ರೆ ಕಾರ್ಡಿನವರಿಗೆ ಎರಡು ಹೆಚ್ಚು ತಗೋತೀನಿ."

"ಅದೂ ಆಗಲ್ಲ. ಹದಿನೈದನೇ ಪುಟ."

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಹಕ್ಕಿ ಇರಲಿಲ್ಲ.

ಇದಿಷ್ಟೇ ಆಗಿದ್ದರೆ ಉಸಿರು ಹಿಡಿದು ನಡೆಸಬಹುದಿತ್ತು. ನನ್ನ ದೊಡ್ಡ ತಪ್ಪು ಬೇರೆಯದು. ಆ ತಪ್ಪನ್ನು ನಮ್ಮ ಮನೆಯವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ನಾನು ಡಬ್ಬಿಯನ್ನು ಲಕೋಟೆ ಎಂದುಕೊಂಡಿದ್ದೆ.

ಬೀದಿಯ ತುದಿಯಲ್ಲಿ ಕೋಟು ಹೊಲಿಯುವ ದರ್ಜಿಯೊಬ್ಬನಿದ್ದಾನೆ. ಅವನು ಅಜ್ಜಿಯ ಕಾಲದ ಗಿರಾಕಿ, ನಾನು ಮಾವ ಎಂದೇ ಕರೆಯುವುದು. ಅವನು ಒಮ್ಮೆಗೆ ನಾಲ್ಕು ಬಗೆ ಕೊಂಬಿನ ಗುಂಡಿ ಒಯ್ಯುತ್ತಾನೆ, ಒಟ್ಟು ಮೂರು ಸಾವಿರದ ಆರುನೂರು. ಅದರಲ್ಲಿ ಒಂದು ಬಗೆ ಇಟ್ಟುಕೊಂಡು ಮೂರನ್ನು ಮರಳಿಸುತ್ತಾನೆ. ಡಬ್ಬಿ ಬಂದ ಮೇಲೆ, "ಮಾವ, ಇನ್ನು ಲಕೋಟೆ ಯಾಕೆ? ಇದರಲ್ಲಿ ಉಜ್ಜಿ. ವಾಪಸ್ ತಂದಾಗ ನಾನು ವಾಪಸ್ ಉಜ್ತೀನಿ," ಎಂದೆ. ದುಡ್ಡು ಆ ಕಪ್ಪು ಹೊಟ್ಟೆಯಲ್ಲಿ ಮಡಿಕೆ ಕೆಡದೆ ಮಲಗಿರುತ್ತದೆ, ಕೇಳಿದಾಗ ಎದ್ದು ಬರುತ್ತದೆ ಎಂದು ನನ್ನ ಎಣಿಕೆ. ಬೀದಿಯ ಉಳಿದ ದರ್ಜಿಗಳಿಗೂ ಅದನ್ನೇ ಹೇಳಿದೆ. ಮುನ್ನೂರ ಹನ್ನೆರಡನೆಯ ಖಾನೆ ಹೆಚ್ಚುಕಮ್ಮಿ ಖಾಲಿಯಾಯಿತು.

ಆರು ತಿಂಗಳಾದ ಮೇಲೆ ಒಂದು ದಿನ ಗುಂಡಿ ರಟ್ಟಿನ ಹಿಂಭಾಗದಲ್ಲಿ ಲೆಕ್ಕ ಹಾಕಿ ನೋಡಿದೆ. ಒಂದು ಸಲಕ್ಕೆ ಮಾವ ಕೊಂಡದ್ದು ಒಂಬೈನೂರರ ಮಾಲು. ಕಂಪನಿ ಕುಡಿದದ್ದು ಮೂರು ಸಾವಿರದ ಆರುನೂರರ ಮೇಲೆ. ಎರಡು ಸಾವಿರದ ಏಳುನೂರನ್ನು ಮರಳಿಸಿದಾಗ ಅದರ ಮೇಲಿನ ಎರಡೂವರೆಯನ್ನು ಕಂಪನಿ ಮರಳಿಸಲಿಲ್ಲ, ಮರಳಿಸಿದ ಶ್ರಮಕ್ಕೆಂದು ಮತ್ತೆ ಎರಡು ಕುಡಿಯಿತು. ನಮಗೆ ಸಿಗುವ ಲಾಭದಲ್ಲಿ ಕಾಲು ಭಾಗಕ್ಕೂ ಮೇಲೆ ಹೋಗಿತ್ತು, ಮಾರದ ಗುಂಡಿಗೂ ಸುಂಕ ಕಟ್ಟಿ.

ಚಿಕ್ಕಮ್ಮ ಆ ರಟ್ಟನ್ನು ಎರಡು ಸಲ ಓದಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀನು ಮೂರು ಪುಟ ಓದಿದ್ದು ಒಳ್ಳೇದಾಯ್ತು ಕಣೆ," ಎಂದಳು. "ಎಲ್ಲಾ ಓದಿದ್ರೆ ಇನ್ನೇನೇನು ಅರ್ಥ ಮಾಡ್ಕೊಳ್ತಿದ್ಯೋ."

ಡಬ್ಬಿಯನ್ನು ಹಿಂದಿರುಗಿಸೋಣ ಎಂದು ಅಂದುಕೊಳ್ಳುವಷ್ಟರಲ್ಲಿ ಚಳಿಗಾಲದ ಕೋಟುಗಳ ಕಾಲ ಬಂತು. ವರ್ಷದಲ್ಲಿ ನಮಗೆ ನಿಜವಾದ ವ್ಯಾಪಾರ ಅಂದರೆ ಆ ಎರಡು ತಿಂಗಳು. ದರ್ಜಿಗಳು ಒಬ್ಬರ ಮೇಲೊಬ್ಬರು ಬಂದರು, ಒಯ್ದರು, ಮರಳಿಸಿದರು. ಡಬ್ಬಿ ಹಗಲೆಲ್ಲ ಕುಂಯ್‌ಗುಟ್ಟಿತು. ದಿನದ ದುಡ್ಡು ದಿನವೇ ಖಾತೆಗೆ ಬೇಕೆಂದರೆ ಅದಕ್ಕೊಂದು ಬೇರೆ ಶುಲ್ಕ, ತಿಂಗಳಿಗೊಮ್ಮೆಯಾದರೆ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ ಸಾಕು ಎಂದು ಆರಿಸಿದ್ದೆ. ಹೌದು, ನಾನೇ.

ತಿಂಗಳ ಕೊನೆಗೆ ದುಡ್ಡು ಬರಲಿಲ್ಲ. ಕಾಗದ ಬಂತು.

‘ತಮ್ಮ ಅಂಗಡಿಯ ಮಾರಾಟದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮೊತ್ತ ವಾಪಸಾಗುತ್ತಿರುವುದು ಸಂಶಯಾಸ್ಪದವೆಂದು ಕಂಡುಬಂದಿರುವುದರಿಂದ, ತಮ್ಮ ಹಿತದೃಷ್ಟಿಯಿಂದ, ತಮಗೆ ಸಲ್ಲಬೇಕಾದ ಮೂವತ್ತೊಂದು ಸಾವಿರವನ್ನು ನೂರಿಪ್ಪತ್ತು ದಿನಗಳ ಕಾಲ ತಡೆಹಿಡಿಯಲಾಗಿದೆ.’

ಅಜ್ಜಿ ಮತ್ತೊಮ್ಮೆ ಓದಿಸಿದಳು. "ನಮ್ಮ ಹಿತಕ್ಕೆ ನಮ್ಮ ದುಡ್ಡು ಅವರ ಹತ್ರ ಇರ್ಬೇಕಂತಾ? ಹಾಗಾದ್ರೆ ಅವರ ಹಿತಕ್ಕೆ ಅವರ ದುಡ್ಡನ್ನ ಇಲ್ಲಿಗೆ ಕಳಿಸ್ಲಿ. ಖಾನೆ ಖಾಲಿ ಇದೆ."

ನಗು ಬರಲಿಲ್ಲ. ಹನ್ನೆರಡು ದಿನಕ್ಕೆ ಅಂಗಡಿಯ ಆರು ತಿಂಗಳ ಬಾಡಿಗೆ ಕಟ್ಟಬೇಕಿತ್ತು, ನಲವತ್ತೆಂಟು ಸಾವಿರ, ಒಂದೇ ಕಂತು. ಕಟ್ಟಡದ ಯಜಮಾನ ಮಹಡಿಯ ಮೇಲೆಯೇ ಇದ್ದಾನೆ. ಅವನ ಚಪ್ಪಲಿ ಸದ್ದು ನಮ್ಮ ಸೂರಿನ ಮೇಲೆ ಹಗಲಿಡೀ ಓಡಾಡುತ್ತದೆ. ಪಕ್ಕದ ಮೊಬೈಲ್ ಕವರ್ ಅಂಗಡಿಯವನು ನಡುವಿನ ಗೋಡೆ ಒಡೆದು ನಮ್ಮ ಜಾಗವನ್ನೂ ಸೇರಿಸಿಕೊಳ್ಳಲು ಎರಡು ವರ್ಷದಿಂದ ಯಜಮಾನನ ಕಿವಿ ಕಚ್ಚುತ್ತಿದ್ದ. ಒಂದು ಕಂತು ತಪ್ಪಿದರೆ ಸಾಕಿತ್ತು.

ಚಿಕ್ಕಮ್ಮ ಕಂಪನಿಗೆ ಫೋನ್ ಮಾಡಿದಳು. ಅಲ್ಲಿ ಒಬ್ಬ ಹುಡುಗಿ, ಹುಡುಗಿಯಲ್ಲ, ಹುಡುಗಿಯ ದನಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದಿತು. ಆಮೇಲೆ ಪಿಟೀಲು. ಇಪ್ಪತ್ತು ನಿಮಿಷ ಪಿಟೀಲು. ಚಿಕ್ಕಮ್ಮ ಫೋನನ್ನು ಕೌಂಟರಿನ ಮೇಲೆ ಬೋರಲು ಹಾಕಿ ಗಿರಾಕಿಗೆ ಗುಂಡಿ ಎಣಿಸಿಕೊಟ್ಟಳು. ಅದು ತನ್ನಷ್ಟಕ್ಕೆ ಕುಯ್ಯುತ್ತಲೇ ಇತ್ತು. "ನಮ್ಮ ದುಡ್ಡಲ್ಲಿ ಕಚೇರಿ ಮಾಡಿಸ್ತಿದ್ದಾರೆ, ಕೇಳಿ," ಎಂದಳು ಗಿರಾಕಿಗೆ.

ಮೂರನೆಯ ದಿನಕ್ಕೆ ಇಸ್ತ್ರಿ ಬಂದ. ನಗು ಹಾಗೇ ಇತ್ತು, ಒಂದು ಮಡಿಕೆಯೂ ಬಿದ್ದಿರಲಿಲ್ಲ.

"ನನ್ನ ಕೈಲಿಲ್ಲ ಮೇಡಂ. ಮಿಷನ್ ತಾನಾಗೇ ಹಿಡಿಯುತ್ತೆ. ಇಷ್ಟೊಂದು ವಾಪಸ್ ಯಾವ ಅಂಗಡೀಲೂ ಇರಲ್ಲ. ಮೋಸ ಇರ್ಬಹುದು ಅಂತ ಅದಕ್ಕೆ ಅನ್ನಿಸಿದೆ."

"ಮೋಸಾನಾ? ಗಿರಾಕಿಗೆ ಒಪ್ಪದ ಮಾಲನ್ನ ವಾಪಸ್ ತಗೊಂಡ್ರೆ ಮೋಸ?"

"ಹಾಗಲ್ಲ. ಮಾರಿದ ಮೇಲೆ ವಾಪಸ್ ತಗೊಳ್ಳಲ್ಲ ಅಂತ ಒಂದು ಬೋರ್ಡ್ ಹಾಕ್ಬಿಡಿ. ಎಲ್ಲ ಸರಿ ಹೋಗುತ್ತೆ."

"ಹೋದ ಸಲ ಬೋರ್ಡ್ ಹಾಕಿದ್ದಕ್ಕೆ ಕಿತ್ತಿದ್ರಿ."

"ಅದು ಬೇರೆ ಬೋರ್ಡು."

ಅಜ್ಜಿ ಸೂಜಿಗೆ ದಾರ ಪೋಣಿಸುತ್ತ, "ಮೋಸ ಮಾಡೋರಿಗೆ ಮೋಸ ಬೇಗ ಕಾಣುತ್ತೆ ಅಲ್ವೇನಪ್ಪಾ? ಅಭ್ಯಾಸ," ಎಂದಳು.

ಅವನು ಹೋದ. ಅದೇ ಮಧ್ಯಾಹ್ನ ಇಬ್ಬರು ದರ್ಜಿಗಳು ಗುಂಡಿ ಮರಳಿಸಲು ಬಂದರು. ಡಬ್ಬಿ ಕೆಂಪು ಕಣ್ಣು ಬಿಟ್ಟು ಒಲ್ಲೆ ಎಂದಿತು. ಅವರ ದುಡ್ಡೂ ಕಂಪನಿಯ ಹೊಟ್ಟೆಯಲ್ಲಿತ್ತು. ಚಿಕ್ಕಮ್ಮ ಗಲ್ಲಾಪೆಟ್ಟಿಗೆಯಿಂದ ನೋಟು ಎಣಿಸಿ ಕೊಟ್ಟಳು. ಆಮೇಲೆ ಡಬ್ಬಿಯ ತಂತಿ ಕಿತ್ತು, ಮುರಿದ ಗುಂಡಿಗಳ ಬುಟ್ಟಿಗೆ ಎಸೆದಳು. ಹಳೆಯ ಲಕೋಟೆಗಳ ಕಟ್ಟು ಮತ್ತೆ ಹೊರಬಂತು. ಕೆಲವರು ಗೊಣಗಿದರು, ಕೆಲವರು ದೊಡ್ಡ ಮಳಿಗೆಗೆ ಹೋದರು. ಕೋಟಿನ ದರ್ಜಿಗಳು ಮಾತ್ರ ನೋಟು ತಂದರು. ಮೂವತ್ತು ಬಗೆಯ ಕಂದು ಬಣ್ಣವನ್ನು ದೊಡ್ಡ ಮಳಿಗೆಯವರು ಎಲ್ಲಿಂದ ತಂದಾರು? ವಾರದಲ್ಲಿ ಖಾನೆ ಬಾಯಿ ಮುಚ್ಚಲಾರದಷ್ಟು ತುಂಬಿತು.

ಬಾಡಿಗೆಗೆ ಎರಡು ದಿನ ಉಳಿದಿತ್ತು. ನಮ್ಮ ಕೈಯಲ್ಲಿದ್ದದ್ದು ಹದಿನೇಳು ಸಾವಿರ.

ಊಟದ ಹೊತ್ತಿಗೆ ಬಾಗಿಲು ಎಳೆದು ಚಿಕ್ಕಮ್ಮ ಮುನ್ನೂರ ಹನ್ನೆರಡನೆಯ ಖಾನೆಯನ್ನು ಪೂರ್ತಿ ಹೊರಗೆಳೆದು ಕೌಂಟರಿನ ಮೇಲಿಟ್ಟಳು. ಇಪ್ಪತ್ತಮೂರು ಲಕೋಟೆ. ಒಳಗೆಷ್ಟಿದೆ ಎಂದು ಒಡೆದು ನೋಡಬೇಕಾಗಿರಲಿಲ್ಲ, ಯಾರು ಏನು ಒಯ್ದಿದ್ದಾರೆಂದು ನನಗೆ ಬಾಯಿಪಾಠವಾಗಿತ್ತು. ಮೂವತ್ತಮೂರು ಸಾವಿರ. ಅಜ್ಜಿ ಕುರ್ಚಿಯಲ್ಲಿ ತಲೆ ವಾಲಿಸಿ ಮಲಗಿದ್ದಳು.

"ಯಜಮಾನನಿಗೆ ಕೊಟ್ಬಿಡೋದು," ಎಂದಳು ಚಿಕ್ಕಮ್ಮ, ಯಾರಿಗೂ ಅಲ್ಲವೆಂಬಂತೆ. "ಇವರು ಬಂದ ಹಾಗೆ ಹೊಸಬರ ಲಕೋಟೆಯಿಂದ ಹಳಬರಿಗೆ ಕೊಡ್ತಾ ಹೋಗೋದು. ನೂರಿಪ್ಪತ್ತು ದಿನ ತಳ್ಳಿದ್ರೆ ಮುಗೀತು. ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ," ಎಂದೆ. ನನ್ನ ದನಿಯಲ್ಲಿ ಇಸ್ತ್ರಿಯ ನಯ ಕೇಳಿಸಿತು. "ಅವರು ನಮ್ಮದನ್ನ ಇಟ್ಕೊಂಡಿಲ್ವಾ? ನಾಚಿಕೆ ಪಡ್ತಿದ್ದಾರಾ?"

ಚಿಕ್ಕಮ್ಮ ಮೇಲಿನ ಲಕೋಟೆ ಎತ್ತಿಕೊಂಡಳು. ಮಾವನದು. ಅಂಟಿನ ಮೇಲೆ ಅವನ ರುಜು, ಹೊಲಿಗೆಯ ಗೆರೆಯಂತೆ ಸೊಟ್ಟಗಾಗದೆ ಹಾಯ್ದಿತ್ತು. ಅವಳ ಉಗುರು ಅಂಟಿನ ಅಂಚಿನೊಳಗೆ ಹೋಯಿತು. ಕಾಗದ ಚರ್ ಎಂದಿತು, ಒಂದು ಅಕ್ಷರದಷ್ಟು.

"ಅದನ್ನ ತೆಗೆದ್ರೆ ಹೊರಗಿನ ಬೋರ್ಡೂ ಬದಲಾಯಿಸಮ್ಮ," ಎಂದಳು ಅಜ್ಜಿ, ಕಣ್ಣು ಬಿಡದೆ. "ಕಂಪನಿ ಅಂತ ಬರೆಸು. ಒಂದು ಪಿಟೀಲೂ ಇಡು."

ಚಿಕ್ಕಮ್ಮನ ಮುಖ ಕೆಂಪಾಯಿತು. ಲಕೋಟೆಯನ್ನು ಖಾನೆಗೆ ಎಸೆದಳು, ಖಾನೆಯನ್ನು ಗೋಡೆಗೆ ನೂಕಿದಳು, ನೂಕಿದ ರಭಸಕ್ಕೆ ಮೇಲಿನ ನಾಲ್ಕು ಸಾಲು ಗದಗುಟ್ಟಿತು. "ನೀನೇನಮ್ಮ, ಕೂತಲ್ಲೇ ಹೇಳ್ಬಿಡ್ತೀಯ! ಬೀದಿಗೆ ಬಿದ್ರೆ ನಿನ್ನ ಕುರ್ಚಿ ಎಲ್ಲಿ ಹಾಕ್ತೀಯ?"

"ಬೀದೀಲಿ," ಎಂದಳು ಅಜ್ಜಿ.

ಅವಳ ಬಾಯಲ್ಲಿ ಏನು ಬಂತೋ, ಹಾಗೇ ಆಯಿತು. ಮರುದಿನ ಚಿಕ್ಕಮ್ಮ ಮಹಡಿ ಹತ್ತಿದಳು, ಕಂಪನಿಯ ಕಾಗದ ಹಿಡಿದು. ಯಜಮಾನ ಕಾಗದವನ್ನು ದೂರ ಹಿಡಿದು ಓದಿದ. "ನಿಮ್ಮ ದುಡ್ಡನ್ನ ಇವರು ಇಟ್ಕೊಂಡ್ರೆ ಕಾಯ್ತೀರಿ. ನಾನೂ ಕಾಯ್ಬೇಕು ಅಂತೀರಿ. ನನ್ನ ಹತ್ರ ಪಿಟೀಲಿಲ್ಲಮ್ಮ," ಎಂದ. ಪಿಟೀಲಿನ ವಿಷಯ ಅವನಿಗೂ ತಲುಪಿತ್ತು, ನಮ್ಮ ಬೀದಿಯ ಕಿವಿಗಳು ಅಂಥವು. ಕೊನೆಗೆ ಒಂದು ಮಾತಿಗೆ ಬಂದ. ಅರ್ಧ ಬಾಡಿಗೆಗೆ ಅರ್ಧ ಅಂಗಡಿ. ಇನ್ನರ್ಧ ಮೊಬೈಲ್ ಕವರಿನವನಿಗೆ. ಇಪ್ಪತ್ತನಾಲ್ಕು ಸಾವಿರ ನಾಳೆ ಬೆಳಿಗ್ಗೆಯೊಳಗೆ.

ಹದಿನೇಳು ಇತ್ತು. ಉದ್ದನೆಯ ಮರದ ಕೌಂಟರು ಅರ್ಧ ಅಂಗಡಿಯಲ್ಲಿ ಹೇಗೂ ಹಿಡಿಸುವಂತಿರಲಿಲ್ಲ. ಐವತ್ತು ವರ್ಷ ಗುಂಡಿ ಉರುಳಿ ಉರುಳಿ ಅದರ ಮೈ ಗಾಜಾಗಿತ್ತು. ಮೊಬೈಲ್ ಕವರಿನವನೇ ಅದನ್ನು ಏಳು ಸಾವಿರಕ್ಕೆ ಕೊಂಡ. ಅದರ ಎರಡರಷ್ಟು ಬೆಲೆ ಬಾಳುತ್ತಿತ್ತು, ಅವನಿಗೂ ಗೊತ್ತಿತ್ತು. ಕೊಡುವಾಗ, "ಕಾರ್ಡಲ್ಲಿ ಕೊಡ್ಲಾ ಅಕ್ಕಾ?" ಎಂದು ಹಲ್ಲು ಕಿರಿದ. ಚಿಕ್ಕಮ್ಮ ನೋಡಿದ ನೋಟಕ್ಕೆ ಓಡಿಹೋಗಿ ನೋಟು ತಂದ.

ಹೊಸ ಗೋಡೆ ಮೂರು ದಿನದಲ್ಲಿ ಎದ್ದಿತು. ನೂರೈವತ್ತಾರು ಖಾನೆಗಳು ಇದ್ದಲ್ಲೇ ಉಳಿದವು. ಮಿಕ್ಕ ನೂರೈವತ್ತಾರನ್ನು ಎದುರು ಗೋಡೆಗೆ ಪೇರಿಸಿದೆವು. ನಡುವೆ ಒಬ್ಬರು ಅಡ್ಡಡ್ಡಲಾಗಿ ನಡೆಯುವಷ್ಟು ಜಾಗ. ಸೇನಾಪತಿ ಮತ್ತು ರಾಜಕುಮಾರಿ ಈಗ ಎದುರುಬದುರು, ಇಬ್ಬರಿಗೂ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಜ್ಜಿಯ ಕುರ್ಚಿ ಬಾಗಿಲ ಹೊರಗೆ, ಬೀದಿಯ ಅಂಚಿನಲ್ಲಿ. "ಬೆಳಕು ಚೆನ್ನಾಗಿದೆ. ಇಷ್ಟು ವರ್ಷ ಒಳಗ್ಯಾಕೆ ಕೂತಿದ್ದೆನೋ," ಎನ್ನುತ್ತಾಳೆ. ಅದು ಸುಳ್ಳು. ಬಿಸಿಲೇರಿದರೆ ಅವಳಿಗೆ ಕಣ್ಣಲ್ಲಿ ನೀರು ಬರುತ್ತದೆ.

ಮಾವ ಬಂದ ದಿನ ತನ್ನ ಲಕೋಟೆಯ ಅಂಚು ಹರಿದಿರುವುದನ್ನು ಕಂಡ. ಹೆಬ್ಬೆರಳಿನಿಂದ ಆ ಅಂಚನ್ನು ಸವರಿದ. ಚಿಕ್ಕಮ್ಮ ಖಾನೆಯಲ್ಲಿ ಏನನ್ನೋ ಹುಡುಕುವವಳಂತೆ ತಲೆ ಹುದುಗಿಸಿದಳು. ಅವನು ಲಕೋಟೆ ಒಡೆದ, ಒಳಗೆಷ್ಟಿದೆಯೆಂದು ಎಣಿಸಿ ನೋಡದೆ ಒಂಬೈನೂರು ತೆಗೆದುಕೊಟ್ಟ, ಮಿಕ್ಕದ್ದನ್ನು ಜೇಬಿಗಿಟ್ಟ. "ಅಕ್ಕಾ, ಅಂಟು ಸರಿಯಿಲ್ಲ ನಿಮ್ದು. ಮುಂದಿನ ಸಲ ನಾನೇ ಅಂಟು ತರ್ತೀನಿ," ಎಂದು ಹೋದ.

ನೂರಿಪ್ಪತ್ತಮೂರನೆಯ ದಿನ ಕಂಪನಿಯ ದುಡ್ಡು ಬಂತು. ಇಪ್ಪತ್ತೊಂಬತ್ತೂವರೆ ಸಾವಿರ. ಒಂದೂವರೆ ಸಾವಿರ ಪರಿಶೀಲನಾ ಶುಲ್ಕ. ನಾವು ಮೋಸಗಾರರಲ್ಲ ಎಂದು ಕಂಡುಹಿಡಿಯಲು ತಗಲಿದ ಖರ್ಚನ್ನು ನಮ್ಮಿಂದಲೇ ವಸೂಲು ಮಾಡಿದ್ದರು.

ಅದರ ಹಿಂದೆಯೇ, ಒಂದು ಸಂಜೆ, ಇಸ್ತ್ರಿ ಬಂದ. ಸಣ್ಣ ವ್ಯಾಪಾರಿಗಳಿಗಾಗಿ ಹೊಸ ಯೋಜನೆಯಂತೆ, ಹೊಸ ಡಬ್ಬಿಯಂತೆ. ಅಂಗಡಿ ಅರ್ಧವಾಗಿರುವುದು ಅವನ ಗಮನಕ್ಕೇ ಬರಲಿಲ್ಲ, ಮೊಣಕೈ ಎರಡು ಸಲ ಖಾನೆಗೆ ತಾಗಿದರೂ. ಚಿಕ್ಕಮ್ಮ ಬೇಡ ಎಂದಳು. ಅವನು ನಕ್ಕ. ಮತ್ತೆ ಬೇಡ ಎಂದಳು. ಆಮೇಲೆ ಅವನು ದನಿ ತಗ್ಗಿಸಿ, "ಹಾಗಾದ್ರೆ ನನಗೊಂದು ಗುಂಡಿ ಬೇಕಿತ್ತು ಮೇಡಂ," ಎಂದ. ಬೆಳಿಗ್ಗೆ ಬಡ್ತಿಯ ಸಂದರ್ಶನವಿದೆ, ಮನೆಯಲ್ಲಿರುವ ಬೂದು ಕೋಟಿನ ನಡುಗುಂಡಿ ಬಿದ್ದುಹೋಗಿದೆ. ಬೂದು ಅಂದರೆ ಎಂಥ ಬೂದು? ಅವನಿಗೆ ಹೇಳಲು ಬರಲಿಲ್ಲ.

"ನಾಲ್ಕು ಬಗೆ ಕೊಡ್ತೀನಿ, ಒಯ್ದು ನೋಡಿ. ಮೂವತ್ತಾರು ಆಗುತ್ತೆ. ಲಕೋಟೇಲಿ ಹಾಕಿ," ಎಂದಳು ಚಿಕ್ಕಮ್ಮ.

ಅವನು ಜೇಬು ಮುಟ್ಟಿಕೊಂಡ. ಒಳಜೇಬು ಮುಟ್ಟಿಕೊಂಡ. ಕಾರ್ಡು ತೆಗೆದ. ಇನ್ನೊಂದು ಕಾರ್ಡು ತೆಗೆದ. ಒಟ್ಟು ಐದು ಕಾರ್ಡು, ಚಿಲ್ಲರೆ ಒಂದು ಕಾಸಿಲ್ಲ.

"ಪರವಾಗಿಲ್ಲ," ಎಂದಳು ಚಿಕ್ಕಮ್ಮ. "ಹಾಕ್ಕೊಂಡಿರೋ ಕೋಟು ಬಿಟ್ಟು ಹೋಗಿ."

"ಮೇಡಂ, ತಮಾಷೆ ಮಾಡ್ತೀರಾ?"

"ನಿಮ್ಮ ಹಿತದೃಷ್ಟಿಯಿಂದ," ಎಂದಳು ಅಜ್ಜಿ ಹೊರಗಿನಿಂದ.

ದೊಡ್ಡ ಮಳಿಗೆಯಲ್ಲಿ ಒಂಟಿ ಗುಂಡಿ ಕೊಡುವುದಿಲ್ಲ, ಬೇರೆ ಗುಂಡಿ ಅಂಗಡಿ ನಮ್ಮ ಊರಲ್ಲಿಲ್ಲ. ಅವನು ಕೋಟು ಕಳಚಿದ. ಒಳಗಿನ ಅಂಗಿಯ ಬೆನ್ನು ಮುದುಡಿ ಬೆವೆತಿತ್ತು, ಅಲ್ಲಿಗೆ ಇಸ್ತ್ರಿ ತಲುಪಿರಲಿಲ್ಲ. ನಾಲ್ಕು ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು, ಭುಜ ಕುಗ್ಗಿಸಿಕೊಂಡು ಬೀದಿಯಲ್ಲಿ ನಡೆದುಹೋದ.

ಮೊಳೆಗೆ ತೂಗುಬಿದ್ದ ಆ ಕೋಟನ್ನು ನೋಡಿ ನನಗೆ ಸುಮ್ಮನಿರಲು ಆಗಲಿಲ್ಲ. ಅಳತೆ ಪಟ್ಟಿ ತಂದು ಉದ್ದಗಲ ಅಳೆದೆ. ನೂರಕ್ಕೆ ಎರಡೂವರೆ ಎಂದರೆ ಸರಿಯಾಗಿ ಒಂದು ಜೇಬಿನ ಮುಚ್ಚಳ. ಬಿಚ್ಚಿದ್ದಕ್ಕೆ ಎರಡು ಗುಂಡಿ, ಮರಳಿಸುವ ಶ್ರಮಕ್ಕೆ ಇನ್ನೆರಡು, ಪರಿಶೀಲನೆಗೆ ಎಡ ಕಾಲರಿನ ತುದಿ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಕತ್ತರಿಯ ಬಾಯಿ ತೆಗೆದಿದ್ದೆ. ಚಿಕ್ಕಮ್ಮ ಬಂದು ಕತ್ತರಿ ಕಿತ್ತುಕೊಂಡಳು.

"ನೆಂಟರ ಕೋಟು ಕಣೆ," ಎಂದಳು. ಆದರೆ ಗುರುತುಗಳನ್ನು ಪೂರ್ತಿ ನೋಡಿದ ಮೇಲೆಯೇ ಒರೆಸಿದಳು.

ಬೆಳಿಗ್ಗೆ ನಾವು ಬಾಗಿಲು ತೆರೆಯುವಷ್ಟರಲ್ಲಿ ಅವನು ನಿಂತಿದ್ದ, ಬೂದು ಕೋಟು ತೊಟ್ಟು, ಕೈಯಲ್ಲಿ ಮೂರು ಗುಂಡಿ, ಎಲ್ಲಿಂದಲೋ ಹೊಂದಿಸಿ ತಂದ ಒಂಬತ್ತು ರೂಪಾಯಿ. ಚಿಕ್ಕಮ್ಮ ಮೊಳೆಯಿಂದ ಕೋಟು ತೆಗೆದುಕೊಟ್ಟಳು. ಅವನು ಅಲ್ಲೇ, ನಮ್ಮೆದುರಿಗೇ, ಅದರ ಗುಂಡಿಗಳನ್ನು ಎಣಿಸಿದ. ಮುಂದಿನವು, ತೋಳಿನವು, ಒಳಜೇಬಿನದು. ಎಲ್ಲ ಇದ್ದವು. ಮತ್ತೊಮ್ಮೆ ಎಣಿಸಿದ.

"ಇಟ್ಕೊಂಡಿದ್ದಕ್ಕೆ ಎಷ್ಟು?" ಎಂದು ಕೇಳಿದ.

"ಏನಿಲ್ಲ."

ಚಿಕ್ಕಮ್ಮ ಬೂದು ಗುಂಡಿಯ ಖಾನೆ ಎಳೆದು ಇನ್ನೊಂದನ್ನು ತೆಗೆದು ಅವನ ಅಂಗೈಗೆ ಹಾಕಿದಳು. ಅವನು ಅದನ್ನು ಮಗುಚಿ ನೋಡಿದ, ಬೆಳಕಿಗೆ ಹಿಡಿದ, ತೂತುಗಳನ್ನು ನೋಡಿದ.

"ಇದೇನು?"

"ಕೊಸರು. ಎಲ್ಲರಿಗೂ ಕೊಡ್ತೀವಿ."

ಮೊದಲ ಸಲ ಅವನ ನಗು ಮುಖದಿಂದ ಇಳಿಯಿತು. ಗುಂಡಿಯನ್ನು ಹಿಡಿಯಲೂ ಆರದೆ ಬಿಡಲೂ ಆರದೆ, ಚಿಕ್ಕಮ್ಮನನ್ನು, ನನ್ನನ್ನು, ಬಾಗಿಲ ಹೊರಗೆ ಕೂತ ಅಜ್ಜಿಯನ್ನು ಒಬ್ಬೊಬ್ಬರನ್ನಾಗಿ ನೋಡಿದ.

"ಷರತ್ತೇನು?" ಎಂದ.

ಅಜ್ಜಿ ನಕ್ಕ ಸದ್ದು ಮಹಡಿಯವರೆಗೂ ಕೇಳಿರಬೇಕು. ಮೇಲೆ ಚಪ್ಪಲಿ ಸದ್ದು ನಿಂತಿತು.